ಅಕ್ಕಿ ಡ್ರಮ್ಮಿನ ಹಿಂದಿದ್ದ ಮದ್ದು

“ಅಳ್ಳಾಡ್ಬ್ಯಾಡ ಕಣ್ಲಾ ಭೀಮ! ನಿನ್ ಕತ್ತೇನು ಬುಗುರಿಯಾ?”

ದೊಡ್ಡತಾಯಮ್ಮನ ಹಸಿರು ಮದ್ದು ಕತ್ತಿಗೆ ತಾಗಿದ ಕೂಡಲೇ ಭೀಮ ಜಗಲಿಯಿಂದ ಒಂದು ಮೊಳ ಮೇಲೆ ಹಾರಿದ. ಕಿರುಚೋಣವೆಂದರೆ ಬಾಯಿ ತುಂಬ ನೀರು. ಮದ್ದು ಹಚ್ಚಿಸಿಕೊಂಡವರು ಮನೆ ಮುಟ್ಟುವವರೆಗೆ ಆ ನೀರನ್ನು ನುಂಗಬಾರದು, ಉಗುಳಲೂಬಾರದು. ಇದು ಯಾವ ಮದ್ದು ಎಂದು ಯಾರೂ ಕೇಳಬಾರದಲ್ಲ, ಅದಕ್ಕೆ. ಹೆಸರು ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದಂತೆ.

ಐದನೇ ಕ್ಲಾಸಿನಲ್ಲಿ ನಿಸರ್ಗಳ ಪಕ್ಕದ ಬೆಂಚು ಭೀಮನದು. ಮೇಷ್ಟ್ರ ಕೈಯಲ್ಲೂ ಮುಚ್ಚಿಸಲಾಗದ ಆ ಬಾಯಿಯನ್ನು ತನ್ನ ಅಜ್ಜಿ ಒಂದು ಗುಟುಕು ನೀರಿನಲ್ಲಿ ಮುಚ್ಚಿಸಿದ್ದು ಕಂಡು ನಿಸರ್ಗ ಹಿಗ್ಗಿದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ದಂಡಿಗನಹಳ್ಳಿಯಲ್ಲಿ ನಡೆಯುತ್ತಿರಲಿಲ್ಲ. ಅಜ್ಜಿ ಹಿತ್ತಲಿನ ಸೀಮೆ ಅಗಸೆ ಸೊಪ್ಪು ಅರೆದು ಹಚ್ಚಿದರೆ ಎಂಥ ಹುಳುಕಡ್ಡಿಯೂ ಮಾಯ. ದುಂಡಗೆ, ಕೆಂಪಗೆ, ಕೆರೆದಷ್ಟೂ ಅಗಲವಾಗುವ ಆ ತುರಿಕೆ ಹೊತ್ತುಕೊಂಡು ಚನ್ನರಾಯಪಟ್ಟಣದಿಂದಲೂ ಜನ ಬರುತ್ತಿದ್ದರು. ಯಾವ ಸೊಪ್ಪು ಅನ್ನುವುದು ಊರಿನ ಎಮ್ಮೆಗಳಿಗೂ ಗೊತ್ತಿತ್ತು. ಅದು ಗುಟ್ಟು ಎಂದು ನಂಬಿದ್ದವಳು ಅಜ್ಜಿ ಒಬ್ಬಳೇ.

ಭೀಮ ಕೆನ್ನೆ ಊದಿಸಿಕೊಂಡು ಹೊರಟಾಗ ಸಿದ್ಧಿ ಅಕ್ಕನ ಸ್ಕೂಟರ್ ಬಂದು ನಿಂತಿತು.

ಸಿದ್ಧಿ ಶ್ರವಣಬೆಳಗೊಳದವಳು. ಹಾಸನದ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾಟಿ ಮದ್ದುಗಳ ಮೇಲೆ ರಿಸರ್ಚ್ ಮಾಡುತ್ತಿದ್ದಳು. ಹೋದ ತಿಂಗಳು ಅಜ್ಜಿಯ ಮದ್ದನ್ನು ಡಬ್ಬಿಯಲ್ಲಿ ತುಂಬಿಕೊಂಡು ಲ್ಯಾಬಿಗೆ ಒಯ್ದಿದ್ದಳು. ಈಗ ಫೋನಿನಲ್ಲಿ ಫೋಟೋ ತೋರಿಸಿದಳು.

“ನೋಡಿ ಅಜ್ಜಿ, ಈ ಗಾಜಿನ ತಟ್ಟೇಲಿ ಹುಳುಕಡ್ಡಿ ಫಂಗಸ್ ಬೆಳೆಸಿದೀವಿ.”

“ಥೂ! ಮಾಡಾಕೆ ಬ್ಯಾರೆ ಕೆಲ್ಸ ಇರ್ಲಿಲ್ವಾ? ನಾನು ಓಡ್ಸೋದು, ನೀವು ಬೆಳ್ಸೋದು!”

ಸಿದ್ಧಿ ನಕ್ಕಳು. “ನಿಮ್ ಮದ್ದು ಇಟ್ಟಿರೋ ಕಡೆ ಎಷ್ಟು ಅಗಲ ಖಾಲಿ ಇದೆ ನೋಡಿ. ಫಂಗಸ್ ಹತ್ರಾನೂ ಬಂದಿಲ್ಲ. ಆದ್ರೆ ನಾನೇ ಸೊಪ್ಪು ಅರೆದು ಇಟ್ರೆ ಸಾಸಿವೆಯಷ್ಟು ಜಾಗ ಖಾಲಿಯಾಗುತ್ತೆ, ಅಷ್ಟೇ. ಹನ್ನೊಂದು ಸಲ ಮಾಡ್ದೆ. ನನ್ನ ಕೈಯೇ ಸರಿಯಿಲ್ಲ ಅಂತಾರೆ ನಮ್ ಸರ್. ಸೊಪ್ಪಿನ ಜೊತೆ ಬೇರೆ ಏನಾದ್ರೂ ಸೇರಿಸ್ತೀರಾ?”

“ಏನೂ ಇಲ್ಲ ಕಣವ್ವ. ಸೊಪ್ಪೇಯ. ಅದ್ಕೆ ಕೈಗುಣ ಬೇಕು.”

ಸಿದ್ಧಿಯ ಮುಖ ಚಿಕ್ಕದಾಯಿತು. ಶನಿವಾರ ಸರ್ ತಾವೇ ಬರುತ್ತಾರೆ, ಅಜ್ಜಿಯ ಹೆಸರು, ಫೋಟೋ ಎರಡೂ ರಿಪೋರ್ಟಿನಲ್ಲಿ ಬರುತ್ತವೆ ಎಂದು ಹೇಳಿ ಹೊರಟಳು. ಅಜ್ಜಿ ಅಂದೇ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹರವಿದಳು.

ಶುಕ್ರವಾರ ಅಕ್ಕಿ ಅಳೆಯಲು ಹೋದ ನಿಸರ್ಗಳ ಕೈಯಿಂದ ಪಾವು ಜಾರಿ ಡ್ರಮ್ಮಿನ ಹಿಂದೆ ಬಿತ್ತು. ತೆಗೆಯಲು ಕೈ ಹಾಕಿದರೆ ಪಾವಿಗೆ ಮೊದಲು ಟ್ಯೂಬುಗಳು ಸಿಕ್ಕವು. ಒಂದು ಹೊಸದು, ಉಳಿದ ಒಂಬತ್ತು ಹಿಂಡಿ ಹಿಂಡಿ ಚಪ್ಪಟೆಯಾದವು. ಮೆಡಿಕಲ್ ಶಾಪಿನಲ್ಲಿ ಸಿಗುವ ಹುಳುಕಡ್ಡಿ ಕ್ರೀಮ್!

“ಅಜ್ಜೀ, ಇದೇನು?”

“ಅದಾ? ಅದು… ಇಲಿಗೆ.”

“ಇಲಿಗೂ ಹುಳುಕಡ್ಡಿ ಬರುತ್ತಾ?”

ಸುಳ್ಳು ಹೇಳಲು ಅಜ್ಜಿಗೆ ಅಭ್ಯಾಸ ಸಾಲದು. ಒಲೆಯ ಮುಂದೆ ಕುಕ್ಕರಿಸಿದಳು.

“ಮೊದ್ಲೆಲ್ಲ ಸೊಪ್ಪೇ ಸಾಕಾಗ್ತಿತ್ತು ಕಣ್ ಮಗಾ. ಈಗಿನ್ ಉಳುಕಡ್ಡಿ ಮೊಂಡು, ತಿಂಗ್ಳಾದ್ರೂ ಓಗಾಕಿಲ್ಲ. ಐಕ್ಳು ರಕ್ತ ಬರೋ ಅಂಗೆ ಕೆರ್ಕತಾವೆ. ಅದ್ನ ನೋಡಾಕಾಯ್ತದಾ? ಡಾಕ್ಟ್ರು ಟ್ಯೂಬು ಕೊಟ್ಟಿದ್ರು. ಅದ್ನೂ ಸೇರ್ಸಿ ಅರ್ದೆ. ವಾಸಿಯಾಯ್ತು.”

“ಸಿದ್ಧಿ ಅಕ್ಕ ಬರೀ ಸೊಪ್ಪು ಅಂತ ಬರೀತಾಳಲ್ಲ?”

“ಬರ್ಕಳ್ಲಿ ಬುಡು. ನೀನು ಉಸ್ರು ಬುಡ್ಬ್ಯಾಡ. ಊರೋರ್ ಮುಂದೆ ನನ್ ಮಾನ ಓಯ್ತದೆ.”

ಶನಿವಾರ ಜಗಲಿ ತುಂಬ ಜನ. ರೇಷ್ಮೆ ಸೀರೆಯ ಅಜ್ಜಿ ನಡುವೆ ಕೂತಿದ್ದಳು. ಸರ್ ಅಜ್ಜಿಯನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಸಿದ್ಧಿಯ ಕಡೆ ತಿರುಗಿದರು.

“ಇಷ್ಟು ಒಳ್ಳೆ ಸೊಪ್ಪನ್ನ ಹನ್ನೊಂದು ಸಲ ಕೆಡಿಸಿದೀಯಲ್ಲಮ್ಮ. ಈ ಪ್ರಾಜೆಕ್ಟ್ ಬೇರೆಯವರಿಗೆ ಕೊಡ್ತೀನಿ.”

ಎಲ್ಲರೆದುರು ಸಿದ್ಧಿ ತಲೆ ತಗ್ಗಿಸಿದಳು. ಪೆನ್ನಿಗೆ ಮುಚ್ಚಳ ಹಾಕಿ ಬ್ಯಾಗಿಗೆ ತುರುಕಿದಳು.

ನಿಸರ್ಗಳ ನಾಲಿಗೆ ತುದಿಗೆ ಮಾತು ಬಂದುಬಿಟ್ಟಿತು. ಹೇಳಿದರೆ ಅಜ್ಜಿಯ ಮಾನ, ಹೇಳದಿದ್ದರೆ ಸಿದ್ಧಿ ಅಕ್ಕನ ಓದು. ಬೇರೆ ದಾರಿ ತೋಚದೆ ಒಳಗೆ ಓಡಿ, ಬಾಯಿ ತುಂಬ ನೀರು ತುಂಬಿಕೊಂಡು ಬಂದು ಕಂಬಕ್ಕೆ ಒರಗಿ ನಿಂತಳು. ಕೆನ್ನೆ ಎರಡೂ ಬೋಂಡಾ. ಕಣ್ಣಲ್ಲಿ ದಳದಳ ನೀರು.

“ಅಜ್ಜೀ! ನಿಸರ್ಗಂಗೂ ಹುಳುಕಡ್ಡಿ!” ಎಂದು ಭೀಮ ಕೂಗಿದ. ಜನ ಗೊಳ್ಳೆಂದರು.

ಅಜ್ಜಿ ನಗಲಿಲ್ಲ. ಮೊಮ್ಮಗಳನ್ನೇ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಹೊಸ ಟ್ಯೂಬು ತಂದು ಸರ್ ಮುಂದೆ ಇಟ್ಟಳು.

“ಬರ್ಕಳಿ ಸಾ. ಅರ್ಧ ಸೊಪ್ಪು, ಅರ್ಧ ಇದು. ಈ ಮಗೀನ ಕೈ ಸರಿಯಾಗೈತೆ. ಅದನ್ನ ಬಯ್ಬ್ಯಾಡಿ.”

ನಿಸರ್ಗ ಬಾಯಲ್ಲಿದ್ದ ನೀರನ್ನು ಗುಟಕ್ಕನೆ ನುಂಗಿದಳು.

ಸಿದ್ಧಿ ಅಳುತ್ತಲೇ ನಕ್ಕಳು. ಸರ್ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. “ನಂದೇ ತಪ್ಪಾಯ್ತಮ್ಮ. ಸೊಪ್ಪಿಗೆ ಎಷ್ಟು ಬಂತೋ ಅಷ್ಟನ್ನೇ ಬರಿ. ಪ್ರಾಜೆಕ್ಟ್ ನಿಂದೇ” ಎಂದರು.

ಭೀಮನ ಅಮ್ಮ ಗುರುಸಿದ್ದಮ್ಮ ಸೆರಗು ಕೊಡವಿ ಎದ್ದಳು. “ಅಂಗಡಿ ಟ್ಯೂಬ್ ಹಚ್ಚಾಕೆ ನನ್ ಮಗನ್ ಬಾಯಿಗೆ ನೀರು ಬ್ಯಾರೆ ಕೇಡು!” ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಫೋಟೋದ ಮಾತು ಯಾರೂ ಎತ್ತಲಿಲ್ಲ.

ಭಾನುವಾರ ಮದ್ದಿಗೆ ಜನ ಸೇರುವ ದಿನ. ಹತ್ತು ಗಂಟೆಯಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಜಗಲಿಯ ಮೇಲೆ ಅಜ್ಜಿ, ಪಕ್ಕದಲ್ಲಿ ನಿಸರ್ಗ.

“ನನ್ನಿಂದಾನೇ ಅಲ್ವಾ ಅಜ್ಜಿ?”

“ನೀನೇನ್ ಬಾಯ್ ಬುಟ್ಯಾ? ಸುಮ್ಕಿರು.”

ಅಜ್ಜಿ ಬೆರಳು ಕೆರೆದುಕೊಂಡಳು. ಆ ಕೈ ಯಾವಾಗಲೂ ಸೊಪ್ಪು ಅರೆದು ಅರೆದು ಹಸಿರಾಗಿರುತ್ತಿತ್ತು. ಇವತ್ತು ಬರಿಗೈ. ಬೆರಳುಗಳ ಸಂದಿಯಲ್ಲಿ, ಮುಂಗೈ ಮೇಲೆ, ಕೆಂಪಗೆ ದುಂಡನೆಯ ಗುರುತುಗಳು.

“ಇದು ಯಾವಾಗಿಂದ ಅಜ್ಜಿ?”

“ಎಲ್ಡು ವರ್ಸ ಆಯ್ತು. ಅವ್ರಿವ್ರುದು ಮುಟ್ಟಿ ಮುಟ್ಟಿ ಬಂದಿದ್ದು. ಡಾಕ್ಟ್ರು ಟ್ಯೂಬು ಕೊಟ್ಟಿದ್ದು ಇದ್ಕೇಯ.”

“ಮತ್ತೆ ನೀನು ಹಚ್ಕೊಳ್ಳಲಿಲ್ವಾ?”

“ನಾನು ಹಚ್ಕಂಡ್ರೆ ಬಂದೋರ್ಗೆ ಸಾಲ್ಬೇಕಲ್ಲ.”

ನಿಸರ್ಗ ಎದ್ದು ಒಳಗೆ ಹೋದಳು. ಸರ್ ಬಿಟ್ಟುಹೋಗಿದ್ದ ಟ್ಯೂಬು ತಂದು ಮುಚ್ಚಳ ತೆಗೆದಳು. ಅಜ್ಜಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಮುಟ್ಬ್ಯಾಡ ಕಣೇ, ಅಂಟ್ಕತ್ತದೆ.”

“ಸೋಪ್ ಹಾಕಿ ತೊಳ್ಕೋತೀನಿ ಬಿಡು.”

ಒಂದೊಂದೇ ಬೆರಳು ಬಿಡಿಸಿ, ಒಂದು ಸಂದಿಯನ್ನೂ ಬಿಡದೆ ಅವಳು ಕ್ರೀಮು ಹಚ್ಚಿದಳು. ಅಜ್ಜಿ ಬೀದಿಯ ಕಡೆ ನೋಡುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಕೇಳದಿದ್ದರೂ, ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.