ಹಕ್ಕಿಗಳ ಫೈಲ್ ಎಲ್ಲಿ ಹೋಯಿತು?

“ಫೈಲ್ ಬಂದಿಲ್ಲ ಅಂದ್ರೆ ಏನರ್ಥ? ನಿನ್ನೇನೇ ಕಳ್ಸಿದ್ದೀನಿ!”

ಟೀಚರ್ ಬರೆದ ಮೇಲ್ ಅನ್ನು ಲೀಡರ್ ಮೂರನೇ ಸಲ ಓದಿದಳು. ‘ಪತ್ರ ಮಾತ್ರ ಬಂದಿದೆ. ಐದು ಗಂಟೆಯೊಳಗೆ ಫೈಲ್ ಬಂದರೆ ಸ್ಪರ್ಧೆಗೆ ಸೇರಿಸುತ್ತೇನೆ.’ ಆಗಲೇ ಮೂರೂವರೆಯಾಗಿತ್ತು.

ಲೀಡರ್ ಐದನೇ ಕ್ಲಾಸಿನ ಹುಡುಗಿ. ಯಾರು ತಪ್ಪು ಮಾಡಿದರೂ ಪಟ್ಟನೆ ಹಿಡಿದು ಜೋರು ಮಾಡುತ್ತಿದ್ದಳು. ಅದಕ್ಕೇ ಆ ಹೆಸರು. ಪಕ್ಕದ ಸ್ಟೂಲಿನಲ್ಲಿ ಉಗುರು ಕಚ್ಚುತ್ತ ಕೂತಿದ್ದವನು ಅವಳ ಗೆಳೆಯ, ಎಲ್ಲರೂ ಕನ್ನಡಕ ಎಂದು ಕರೆಯುವ ಹುಡುಗ. ಒಂದು ತಿಂಗಳು ದಿನಾ ಬೆಳಿಗ್ಗೆ ಬೀದಿಯ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು ಹಕ್ಕಿ ಹುಡುಕಿದ್ದರು. ಅವಳು ಬರೆದಳು, ಅವನು ಚಿತ್ರ ಬಿಡಿಸಿದ. ‘ನಮ್ಮ ಬೀದಿಯ ಹಕ್ಕಿಗಳು’, ಒಟ್ಟು ಹನ್ನೆರಡು ಪುಟ.

“ಕಂಪ್ಯೂಟರ್ ಕೆಟ್ಟಿದೆ ಅಮ್ಮಾ! ಫೈಲನ್ನ ದಾರೀಲೇ ನುಂಗ್ತಿದೆ!”

ಅಮ್ಮ ಟೈಲರ್. ಅವಳು ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲೇ ಕಂಪ್ಯೂಟರ್. ಕೀಬೋರ್ಡ್ ತುಂಬ ಚಾಕ್ ಪುಡಿ.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ,” ಎಂದು ಅಮ್ಮ ನಕ್ಕಳು. “ಮೆಷಿನ್ ಕೆಟ್ಟಾಗ ನಾನು ಕೇಳ್ತೀನಲ್ಲ, ಇಂಟರ್ನೆಟ್‌ನಲ್ಲಿರೋ ಆ ರಿಪೇರಿ ಫೋರಂನಲ್ಲಿ ಕೇಳು. ಕಂಪ್ಯೂಟರ್ ಗೊತ್ತಿರೋರೂ ಇರ್ತಾರೆ.”

ಲೀಡರ್ ಅಮ್ಮನ ಅಕೌಂಟ್‌ನಿಂದ ಬರೆದಳು: ‘ಅರ್ಜೆಂಟ್!!! ನಾನು ಸರಿಯಾಗೇ ಕಳಿಸಿದೆ. ಫೈಲ್ ಮಾಯ. ತಪ್ಪು ನಂದಲ್ಲ!!!’

ಉತ್ತರಗಳು ಸಾಲಾಗಿ ಬಂದವು. ‘ಹಳೇ ರೇಡಿಯೋ’ ಎಂಬವರು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಎಂದರು. ‘ಸ್ಕ್ರೂಡ್ರೈವರ್’ ಎಂಬವರು ವೈರಸ್ ಹುಡುಕಲು ಹೇಳಿದರು. ಲೀಡರ್ ಎಲ್ಲ ಮಾಡಿದಳು.

“ಸುಮ್ನೆ ಇನ್ನೊಂದ್ಸಲ ಕಳ್ಸೋಣ್ವಾ?” ಎಂದ ಕನ್ನಡಕ.

“ಮತ್ತೆ ನುಂಗುತ್ತೆ ಕಣೋ! ಮೊದಲು ರೋಗ ಏನೂಂತ ಗೊತ್ತಾಗ್ಲಿ!”

ಅವನು ಬೆಪ್ಪಾಗಿ ನೀರು ಕುಡಿಯಲು ಒಳಗೆ ಹೋದ. ಆಗ ನಾಲ್ಕೂವರೆ. ಅಷ್ಟರಲ್ಲಿ ‘ಮುರಿದ ಕೊಡೆ’ ಎಂಬವರ ಉತ್ತರ ಬಂತು: ‘ಒಂದು ಸಣ್ಣ ಪ್ರಶ್ನೆ. ನೀವು ಕಳಿಸಿದ ಮೇಲ್ ತೆರೆದು ನೋಡಿ. ಅದರಲ್ಲಿ ಫೈಲಿನ ಹೆಸರು ಕಾಣುತ್ತಾ?’

ಲೀಡರ್ ತೆರೆದಳು. ‘ಟೀಚರ್, ಫೈಲ್ ಜೊತೆಗಿದೆ’ ಎಂದು ಬರೆದಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಫೈಲನ್ನು ಸೇರಿಸಿಯೇ ಇರಲಿಲ್ಲ!

ಅವಳ ಕಿವಿ ಬಿಸಿಯಾಯಿತು. ಬೇಗ ಬೇಗ ಫೈಲ್ ಸೇರಿಸಿ, ಎರಡೆರಡು ಸಲ ನೋಡಿ ಕಳಿಸಿದಳು. ‘ಬಂತು!’ ಎಂದು ಟೀಚರ್ ಉತ್ತರಿಸಿದರು.

“ಹೋಯ್ತಾ? ಏನಾಗಿತ್ತು?” ಕನ್ನಡಕ ಓಡಿ ಬಂದ.

“ಅದೂ... ಇಂಟರ್ನೆಟ್ಟು...”

ಲೀಡರ್ ಪರದೆಯ ಕಡೆ ತಿರುಗಿದಳು. ಫೋರಂನಲ್ಲಿ ಸ್ಕ್ರೂಡ್ರೈವರ್ ಇನ್ನೂ ಬರೆಯುತ್ತಿದ್ದರು: ‘ನನ್ನ ಕಂಪ್ಯೂಟರ್‌ನಿಂದ್ಲೂ ಫೈಲ್ ಕಳಿಸಿ ನೋಡ್ತಿದ್ದೀನಿ. ಮಧ್ಯಾಹ್ನದ ಊಟ ಆಮೇಲೆ ಮಾಡಿದ್ರಾಯ್ತು.’

ಲೀಡರ್‌ಗೆ ತುಂಬ ನಾಚಿಕೆಯಾಯಿತು. ‘ಫೈಲ್ ಸೇರಿಸೋಕೆ ನಾನೇ ಮರೆತಿದ್ದೆ. ಸಾರಿ. ನೀವು ಊಟ ಮಾಡಿ,’ ಎಂದು ಟೈಪ್ ಮಾಡಿದಳು. ಕನ್ನಡಕ ಪಕ್ಕದಲ್ಲೇ ನಿಂತು ಓದುತ್ತಿದ್ದ. ಅವಳು ಪರದೆಯನ್ನು ಮರೆಮಾಡಲಿಲ್ಲ.

ಸ್ಕ್ರೂಡ್ರೈವರ್ ಕೂಡಲೇ ಬರೆದರು: ‘ಹೋದ ವಾರ ನಮ್ಮ ಬಾಸ್‌ಗೆ ನಾನೂ ಹೀಗೇ ಕಳಿಸಿದೆ. ಎರಡು ಸಲ!’

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕನ್ನಡಕ ಮಾತ್ರ ನಗಲಿಲ್ಲ.

“ಲೀಡರ್, ನಾನೂ ಒಂದು ಹೇಳ್ಲಾ?”

“ಹೇಳು.”

“ಮರಕುಟಿಗ ನಮ್ಮ ಬೀದೀಲಿ ಇಲ್ಲ. ಒಂದಿನ ಬೆಳಿಗ್ಗೆ ನಾನು ಎದ್ದೇ ಇರ್ಲಿಲ್ಲ. ಕ್ಯಾಲೆಂಡರ್‌ನಲ್ಲಿದ್ದ ಚಿತ್ರ ನೋಡ್ಕೊಂಡು ಬಿಡಿಸ್ಬಿಟ್ಟೆ.”

“ಯಾವತ್ತೋ?”

“ಮೂರು ವಾರ ಆಯ್ತು.”

ಜೋರು ಮಾಡಲು ಲೀಡರ್ ಬಾಯಿ ತೆರೆದಳು. ಮೂರು ವಾರ! ದಿನಾ ಜೊತೆಗೇ ಇದ್ದರೂ ಇವನು ಇದನ್ನು ಯಾಕೆ ಹೇಳಲಿಲ್ಲ ಎಂದು ಯೋಚಿಸಿದಳು. ಯಾಕೆಂದು ಅವಳಿಗೆ ಗೊತ್ತಾಯಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಹಕ್ಕಿಗಳ ಫೈಲನ್ನು ಮತ್ತೆ ತೆರೆದು, ಅವನ ಸ್ಟೂಲನ್ನು ತನ್ನ ಹತ್ತಿರ ಎಳೆದುಕೊಂಡಳು.

“ಎಷ್ಟನೇ ಪುಟ?” ಎಂದು ಮೆತ್ತಗೆ ಕೇಳಿದಳು.