ಕುತೂಹಲದ ಕಂಕಣ

ಕಂಕಣ ಹನ್ನೊಂದು ಎಂದು ತೋರಿಸುತ್ತಿತ್ತು. ಒಂದೂವರೆ ಗಂಟೆಯಿಂದ ಅದು ತೋರಿಸುತ್ತಿದ್ದದ್ದೇ ಹನ್ನೊಂದು. ಪ್ರಣತಿ ಮಗಳ ಬಲಗೈ ಎತ್ತಿ, ಮಣಿಕಟ್ಟಿಗೆ ಅಂಟಿಕೊಂಡಿದ್ದ ಆ ಬೂದುಬಣ್ಣದ ಪಟ್ಟಿಯನ್ನು ಬೆರಳಿನಿಂದ ಕುಟ್ಟಿ ನೋಡಿದಳು, ದುಪಟ್ಟಾದ ತುದಿಯಿಂದ ಒರೆಸಿ ನೋಡಿದಳು. ಅಂಕೆ ಅಲ್ಲಾಡಲಿಲ್ಲ. ಎದುರಿಗಿದ್ದ ಹಳದಿ ಬಾಗಿಲೂ ಅಲ್ಲಾಡಲಿಲ್ಲ.

"ಕೆಟ್ಟುಹೋಗಿದೆ ಕಣ್ರೀ ಇದು," ಎಂದಳು ಗಂಡನಿಗೆ.

"ಬೇರೆ ಮಕ್ಕಳದ್ದೆಲ್ಲ ಸರಿಯಾಗೇ ಇದೆಯಲ್ಲ," ಎಂದ ನಿಶಾಂತ. ಬೆಳಿಗ್ಗೆಯಿಂದ ಊಟದ ಬುತ್ತಿ ಹೊತ್ತು ಅವನ ಭುಜ ಬಿದ್ದುಹೋಗಿತ್ತು. ಅವನು ಹೇಳಿದ್ದು ನಿಜ, ಅದಕ್ಕೇ ಪ್ರಣತಿಗೆ ಮೈಯೆಲ್ಲ ಉರಿದುಹೋಯಿತು.

ಚಿತ್ರದುರ್ಗದ ಹೊರವಲಯದ ಆ ಮಕ್ಕಳ ವಸ್ತುಸಂಗ್ರಹಾಲಯಕ್ಕೆ ಸ್ಪರ್ಶಲೋಕ ಎಂದು ಹೆಸರು. ಅಲ್ಲಿ ಗಾಜಿನ ಪೆಟ್ಟಿಗೆಗಳಿಲ್ಲ, ದೂರ ನಿಲ್ಲಿ ಎನ್ನುವ ಫಲಕಗಳಿಲ್ಲ. ಎಲ್ಲವನ್ನೂ ಮುಟ್ಟಬೇಕು, ತಿರುಗಿಸಬೇಕು, ಬಿಚ್ಚಬೇಕು. ಒಟ್ಟು ಐದು ಅಂಗಳಗಳು: ಮೊದಲು ನೀರು, ಆಮೇಲೆ ಗಾಳಿ, ಬೆಳಕು, ಮಣ್ಣು, ನಾದ. ಮಕ್ಕಳು ಒಂದನ್ನೂ ಸರಿಯಾಗಿ ನೋಡದೆ ಐದನ್ನೂ ಓಡಿ ಮುಗಿಸುತ್ತಾರೆಂದು ವಿಜ್ಞಾನಿಗಳು ಈ ಕುತೂಹಲ ಕಂಕಣವನ್ನು ಕಂಡುಹಿಡಿದಿದ್ದರು.

ಅದರ ತತ್ತ್ವ ಸರಳ. ಒಂದು ವಸ್ತುವನ್ನು ಮುಟ್ಟಬೇಕೆಂದು ಅನಿಸಿದ ಕ್ಷಣವೇ, ಕೈ ಚಾಚುವುದಕ್ಕೂ ಮೊದಲೇ, ಮುಂಗೈಯ ಸ್ನಾಯುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಸಂಚಾರವಾಗುತ್ತದೆ. ವಿಜ್ಞಾನಿಗಳು ಇದನ್ನು ಚಾಚುಮಿಡಿತ ಎಂದು ಕರೆದರು. ಕೈ ಮುಂದೆ ಹೋಗಲಿ ಬಿಡಲಿ, ಮಿಡಿತ ಮಾತ್ರ ಸುಳ್ಳು ಹೇಳುವುದಿಲ್ಲ. ಕಂಕಣ ಅದನ್ನು ಎಣಿಸಿ ನೂರಕ್ಕೆ ಇಷ್ಟು ಎಂದು ಕುತೂಹಲಾಂಕ ಕೊಡುತ್ತದೆ. ಯಾವ ಕೈಗೆ ಕಟ್ಟಿದೆಯೋ ಆ ಕೈಯ ಮಾತನ್ನಷ್ಟೇ ಅದು ಕೇಳಬಲ್ಲದು. ಅಂಕ ನಲವತ್ತು ದಾಟಿದ ಮಗು ಹತ್ತಿರ ಬಂದರೆ ಮುಂದಿನ ಅಂಗಳದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಬೇರೆಯವರ ಮಗುವಿನ ಹಿಂದೆ ನುಸುಳಲು ನಿಶಾಂತ ಒಮ್ಮೆ ಪ್ರಯತ್ನಪಟ್ಟ. ಬಾಗಿಲು ಅವನ ಮೂಗಿನ ನೇರಕ್ಕೆ ಮುಚ್ಚಿಕೊಂಡಿತು.

"ಕಾಫಿ ಎಲ್ಲಿ ಸಿಗುತ್ತೆ ಅಂದ್ರು?" ನೀರಿನ ಅಂಗಳದ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದ ಅತ್ತೆ ರೂಪಶ್ರೀ ನಾಲ್ಕನೆಯ ಸಲ ಕೇಳಿದರು.

"ಮೂರನೇ ಅಂಗಳದಲ್ಲಿ, ಅತ್ತೆ."

"ಅಷ್ಟರಲ್ಲಿ ನನ್ನ ಪ್ರಾಣ ಹೋಗುತ್ತೆ ಬಿಡು."

ಪ್ರಣತಿಗೆ ಕಾಫಿಯ ಚಿಂತೆಯಿರಲಿಲ್ಲ. ಅವಳ ಚೀಲದಲ್ಲಿ ಶಾಲೆಯಿಂದ ಬಂದ ಪತ್ರವೊಂದಿತ್ತು. ಮಗಳು ಇಬ್ಬನಿಗೆ ಏಳು ವರ್ಷ. ತರಗತಿಯಲ್ಲಿ ಯಾವುದನ್ನೂ ಕೈಗೆತ್ತಿಕೊಳ್ಳುವುದಿಲ್ಲ, ಬರೆಯುವುದು ತೀರಾ ನಿಧಾನ, ಸ್ಪರ್ಶಲೋಕದ ಚೀಟಿಯಲ್ಲಿ ಕುತೂಹಲಾಂಕ ನಲವತ್ತಕ್ಕಿಂತ ಕಡಿಮೆ ಬಂದರೆ ರಜೆ ಮುಗಿದ ಮೇಲೆ ಮಂದಗತಿಯ ವಿಭಾಗಕ್ಕೆ ಹಾಕುತ್ತೇವೆ ಎಂದು ಬರೆದಿದ್ದರು. ತನ್ನ ಮಗಳು ದಡ್ಡಿಯಲ್ಲ ಎಂದು ಆ ಶಾಲೆಯವರ ಮುಖಕ್ಕೆ ಹಿಡಿದು ತೋರಿಸಬೇಕೆಂದೇ ಪ್ರಣತಿ ಅರಸೀಕೆರೆಯಿಂದ ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದಳು. ಈಗ ನೋಡಿದರೆ ಹನ್ನೊಂದು!

"ಆ ಚಕ್ರ ತಿರುಗಿಸು, ಇಬ್ಬನಿ. ಹಾಗಲ್ಲ ಕಣೆ, ಜೋರಾಗಿ. ನೋಡು, ಆ ಪಾಪು ಎಷ್ಟು ಚೆನ್ನಾಗಿ ತಿರುಗಿಸ್ತಿದೆ!"

ಇಬ್ಬನಿ ಬಲಗೈಯಿಂದ ಚಕ್ರ ತಿರುಗಿಸಿದಳು. ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು, ಹೇಳಿದಷ್ಟನ್ನೇ ಮಾಡುತ್ತಿದ್ದಳು. ಅವಳ ಎಡಗೈ ಬೆನ್ನ ಹಿಂದೆ ಫ್ರಾಕಿನ ಲಾಡಿಯನ್ನು ಹಿಡಿದುಕೊಂಡೇ ಇತ್ತು. ಹನ್ನೊಂದು ಹತ್ತಕ್ಕೆ ಇಳಿಯಿತು. ಪ್ರಣತಿಗೆ ಅಳು ಬರುವುದೊಂದು ಬಾಕಿ.

ಬೆಳಿಗ್ಗೆ ಪ್ರವೇಶದ್ವಾರದಲ್ಲಿ ಕಂಕಣ ಕಟ್ಟುವಾಗ ಸಿಬ್ಬಂದಿಯ ಹುಡುಗಿ, "ಮಗು ಯಾವ ಕೈಯಲ್ಲಿ ಕೆಲಸ ಮಾಡುತ್ತೆ?" ಎಂದು ಕೇಳಿದ್ದಳು. ಪ್ರಣತಿ ಒಂದು ಕ್ಷಣವೂ ತಡೆಯದೆ, "ಬಲಗೈ, ಬಲಗೈ" ಎಂದಿದ್ದಳು. ಅತ್ತೆ ಪಕ್ಕದಲ್ಲೇ ಇದ್ದರಲ್ಲ.

ಒಂದೂವರೆ ಗಂಟೆ ಕಾಲ ಇಪ್ಪತ್ತು ದಾಟದ ಕಂಕಣವಿದ್ದರೆ ಒಳಗಿನ ಕೋಣೆಗೆ ಸುದ್ದಿ ಹೋಗುತ್ತದೆ. ಅದನ್ನು ನೋಡಿಯೇ ಡಾ. ಶಿವಲೀಲಾ ಹೊರಬಂದರು. ಕಂಕಣವನ್ನು ಕಂಡುಹಿಡಿದ ತಂಡದ ಮುಖ್ಯಸ್ಥೆ ಅವರೇ. ತಲೆಗೂದಲು ಬಾಚಲು ಮರೆತವರಂತೆ ಇದ್ದರು.

"ನಿಮ್ಮ ಯಂತ್ರ ಕೆಟ್ಟಿದೆ ಮೇಡಂ," ಎಂದು ಪ್ರಣತಿ ಹರಿಹಾಯ್ದಳು. "ಬೆಳಿಗ್ಗೆ ಬಂದವರು ಇಲ್ಲೇ ಬಿದ್ದಿದ್ದೀವಿ. ಮಗುವಿನ ಬುದ್ಧಿ ಅಳೆಯೋಕೆ ನಿಮಗೆ ಯಾರು ಅಧಿಕಾರ ಕೊಟ್ರು?"

"ಬುದ್ಧಿಯನ್ನ ಅಳೆಯೋದಿಲ್ಲಮ್ಮ, ಆಸೆಯನ್ನ," ಎಂದರು ಶಿವಲೀಲಾ. ಕಂಕಣವನ್ನು ಪರೀಕ್ಷಿಸಿದರು. ಅದು ಸರಿಯಾಗಿಯೇ ಇತ್ತು. ಅವರು ಮಗುವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತೊಟ್ಟಿಯಲ್ಲಿ ತೇಲುತ್ತಿದ್ದ ಕೆಂಪು ಚೆಂಡೊಂದನ್ನು ತೆಗೆದು, "ಹಿಡಿ, ಪುಟ್ಟಿ!" ಎನ್ನುತ್ತ ಥಟ್ಟನೆ ಎಸೆದರು.

ಬೆನ್ನ ಹಿಂದಿನ ಎಡಗೈ ಛಂಗನೆ ಮುಂದೆ ಬಂದು ಚೆಂಡನ್ನು ಗಾಳಿಯಲ್ಲೇ ಹಿಡಿಯಿತು. ಮರುಕ್ಷಣವೇ ಇಬ್ಬನಿ ಕೈ ಸುಟ್ಟವಳ ಹಾಗೆ ಚೆಂಡನ್ನು ಕೆಳಗೆ ಬಿಟ್ಟು ತಾಯಿಯ ಮುಖ ನೋಡಿದಳು. ಕೈ ಮತ್ತೆ ಬೆನ್ನ ಹಿಂದೆ ಹೋಯಿತು.

"ಇವಳು ಎಡಗೈಯವಳು ಅಂತ ಯಾಕಮ್ಮ ಹೇಳಲಿಲ್ಲ?"

"ಅಲ್ಲ ಮೇಡಂ, ಈಗ ಸರಿಹೋಗಿದ್ದಾಳೆ," ಎಂದಳು ಪ್ರಣತಿ. "ಎರಡು ವರ್ಷ ನಾನೇ ಕೂತು ಸರಿ ಮಾಡಿದೀನಿ."

ಚಂದ್ರನ ಮೇಲೆ ಮನೆ ಕಟ್ಟುವ ಕಾಲ ಬಂದಿದ್ದರೂ ಎಡಗೈಯಲ್ಲಿ ಕೊಟ್ಟ ಕುಂಕುಮವನ್ನು ತೆಗೆದುಕೊಳ್ಳುವವರು ಇನ್ನೂ ಹುಟ್ಟಿರಲಿಲ್ಲ. ನಾದಿನಿಯ ಗೃಹಪ್ರವೇಶದ ದಿನ ಐದು ವರ್ಷದ ಇಬ್ಬನಿ ಎಡಗೈಯಲ್ಲೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುತ್ತೈದೆಯರ ಮುಂದೆ ನಿಂತಿದ್ದಳು. ಚಾಚಿದ ಕೈಗಳೆಲ್ಲ ಹಿಂದಕ್ಕೆ ಸರಿದಿದ್ದವು. "ಎಡಚಿ, ತಾಯಿ ಏನೂ ಕಲಿಸಿಲ್ಲ" ಎಂದು ಯಾರೋ ನಕ್ಕಿದ್ದರು. ಅಂದಿನಿಂದ ಪ್ರಣತಿ ಎಡಗೈ ಮುಂದೆ ಬಂದಾಗಲೆಲ್ಲ ಒಂದು ಏಟು ಹಾಕುತ್ತ ಬಂದಳು. ಊಟಕ್ಕೆ ಕೂತಾಗ ಒಂದು, ಪೆನ್ಸಿಲ್ ಹಿಡಿದಾಗ ಒಂದು. ಜೋರಾಗೇನೂ ಅಲ್ಲ. ಮಗಳ ಒಳ್ಳೆಯದಕ್ಕೇ ಎಂದು ಅವಳು ಮನಸಾರೆ ನಂಬಿದ್ದಳು.

ಶಿವಲೀಲಾ ಕಂಕಣವನ್ನು ಬಿಚ್ಚಿ ಇಬ್ಬನಿಯ ಎಡಗೈಗೆ ಕಟ್ಟಿದರು. ಮಗು ಆ ಕೈಯನ್ನು ತಕ್ಷಣ ಮತ್ತೆ ಹಿಂದಕ್ಕೆಳೆದುಕೊಂಡಿತು. ಅವಳು ಏನನ್ನೂ ಮುಟ್ಟಲಿಲ್ಲ, ನಿಂತಲ್ಲಿಂದ ಕದಲಲೂ ಇಲ್ಲ. ಆದರೆ ಬೆನ್ನ ಹಿಂದೆ ಕಂಕಣದ ಅಂಕೆ ಓಡತೊಡಗಿತು. ಇಪ್ಪತ್ತು, ಮೂವತ್ತೈದು, ಐವತ್ತೆಂಟು, ಎಪ್ಪತ್ತನಾಲ್ಕು. ಹಳದಿ ಬಾಗಿಲು ಸದ್ದಿಲ್ಲದೆ ಅಗಲವಾಗಿ ತೆರೆದುಕೊಂಡಿತು. ಒಳಗಿನಿಂದ ತಂಪು ಗಾಳಿ ಬೀಸಿತು.

ಶಿವಲೀಲಾರ ಧ್ವನಿ ಇಳಿದಿತ್ತು. "ಒಂದೂವರೆ ಗಂಟೆಯಿಂದ ಈ ಕೈ ಇಲ್ಲಿರೋದನ್ನೆಲ್ಲ ಮುಟ್ಟಬೇಕು ಅಂತ ಒದ್ದಾಡ್ತಾನೇ ಇತ್ತು."

"ತೆರೀತು! ತೆರೀತು!" ರೂಪಶ್ರೀ ಕಾಲುನೋವು ಮರೆತು ಎದ್ದರು. "ನಡೀರಿ, ಮೊದಲು ಕಾಫಿ."

ಪ್ರಣತಿಗೆ ಸಂತೋಷವೋ ಸಂಕಟವೋ ತಿಳಿಯಲಿಲ್ಲ. ಬೆವರಿಗೆ ಅಂಟಿಕೊಂಡಿದ್ದ ಮುಂಗೂದಲನ್ನು ಸರಿಸಿಕೊಳ್ಳಲು ಅವಳು ಕೈ ಎತ್ತಿದಳು.

ಇಬ್ಬನಿ ಕಣ್ಣು ಮುಚ್ಚಿ ತಲೆ ತಗ್ಗಿಸಿದಳು. ಅಂಕೆ ನಾಲ್ಕಕ್ಕೆ ಬಿತ್ತು. ಹಳದಿ ಬಾಗಿಲು ಮುಚ್ಚಿಕೊಂಡಿತು.

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಪ್ರಣತಿಗೆ ಗೊತ್ತಾಗಲಿಲ್ಲ. ಮಕ್ಕಳನ್ನು ಅಳೆಯಲೆಂದು ಮಾಡಿದ ಯಂತ್ರ ತನ್ನನ್ನೂ ಅಳೆಯುತ್ತದೆಂದು ಅವಳು ಎಣಿಸಿರಲಿಲ್ಲ. ಅದನ್ನು ಕಂಡುಹಿಡಿದ ಶಿವಲೀಲಾರೂ ಎಣಿಸಿರಲಿಲ್ಲ. ಪ್ರಣತಿ ಮೆಲ್ಲಗೆ ಹೋಗಿ ನೀರಿನ ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆಯೇ ಕೂತಳು.

"ಏನೇ ಇದು, ಹೀಗೆ ಕೂತೆ?" ಎಂದರು ಅತ್ತೆ.

"ನೀವೂ ಕೂತ್ಕೊಳ್ಳಿ ಅತ್ತೆ. ಕಾಫಿ ಇವತ್ತು ಬೇಡ." ಆಮೇಲೆ ಮಗಳಿಗೆ, "ಯಾವ ಕೈ ಬೇಕಾದ್ರೂ ಸರಿ, ಪುಟ್ಟಾ. ನಾನು ಏಳಲ್ಲ," ಎಂದಳು.

ಇಬ್ಬನಿ ಬಹಳ ಹೊತ್ತು ನಂಬಲಿಲ್ಲ. ತಾಯಿಯ ಕೈಗಳಿರಬೇಕಾದ ಜಾಗವನ್ನು ಮತ್ತೆ ಮತ್ತೆ ನೋಡಿದಳು. ಬುತ್ತಿ ಕೆಳಗಿಟ್ಟು ನಿಶಾಂತನೂ ಹಾಗೆಯೇ ಕೂತ. ಗೊಣಗುತ್ತ ರೂಪಶ್ರೀಯವರೂ ಕೂತರು. ಮೂರು ಗಂಟೆಯ ಹೊತ್ತಿಗೆ ಒಂದು ಬೆರಳು ನೀರಿಗಿಳಿಯಿತು. ನಾಲ್ಕಕ್ಕೆ ಇಡೀ ಮುಂಗೈ. ಅವಳು ಕಾಲುವೆಯ ಪುಟ್ಟ ತಡೆಹಲಗೆಯನ್ನು ಎಡಗೈಯಿಂದ ಕಿತ್ತಾಗ ನೀರೆಲ್ಲ ಅಜ್ಜಿಯ ಕಾಲ ಮೇಲೆ ಹರಿಯಿತು. ಅಜ್ಜಿ ಬಾಯಿ ತೆರೆದರು, ಸೊಸೆಯ ಮುಖ ನೋಡಿ ಮುಚ್ಚಿಕೊಂಡರು.

ಐದಕ್ಕೆ ಮುಚ್ಚುವ ಗಂಟೆ ಹೊಡೆದಾಗ ಕಂಕಣ ಮೂವತ್ತೆಂಟು ತೋರಿಸುತ್ತಿತ್ತು. ಹಳದಿ ಬಾಗಿಲು ಮುಚ್ಚಿಯೇ ಇತ್ತು. ಶಿವಲೀಲಾ ಶಾಲೆಗೆ ಕೊಡುವ ಚೀಟಿ ಹಿಡಿದು ಬಂದರು.

"ಬಂದದ್ದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಂಕ ಬರೆಯೋದು ಪದ್ಧತಿ. ಎಪ್ಪತ್ತನಾಲ್ಕು. ಆದ್ರೆ ಆ ನಾಲ್ಕು ಕೂಡ ದಾಖಲಾಗಿದೆ. ಅದನ್ನ ಏನು ಮಾಡ್ಲಿ?"

"ಎಪ್ಪತ್ತನಾಲ್ಕು ಅವಳದು, ಮೇಡಂ," ಎಂದಳು ಪ್ರಣತಿ. "ನಾಲ್ಕು ನಂದು. ಬೇರೆ ಚೀಟೀಲಿ ಬರೆದು ನನಗೆ ಕೊಡಿ."

ಹೊರಗೆ ಹೋಗುವಾಗ ಇಬ್ಬನಿ ತಾಯಿಯ ಕೈ ಹಿಡಿದುಕೊಂಡಳು. ಹಿಡಿದದ್ದು ಬಲಗೈಯಿಂದಲೇ. ಅಭ್ಯಾಸ ಹಾಗೇ ಇತ್ತು. ಗೇಟಿನ ಹತ್ತಿರ ಬಂದಾಗ ಅವಳು ನಿಂತು, ಒಮ್ಮೆ ಅಜ್ಜಿಯ ಕಡೆ ನೋಡಿ, ಇನ್ನೊಂದು ಬದಿಗೆ ಬಂದು ಕೈ ಬದಲಾಯಿಸಿದಳು. ಆ ಕೈ ಇನ್ನೂ ಒದ್ದೆಯಾಗಿತ್ತು.