ಬಾಟಲಿ ಸರ್ ನೀರು ಕುಡಿಯುವಷ್ಟು ಹೊತ್ತು

“ರೇಡಿಯೊ, ಸೌಂಡೇ ಬರ್ತಿಲ್ಲ!” ಹಿಂದಿನ ಬೆಂಚಿನಿಂದ ಉದ್ದನೆಯ ಹುಡುಗ ಕಂಬ ಪಿಸುಗುಟ್ಟಿದ.

“ತಡಿಯೋ. ಸರ್ ಇನ್ನೂ ಮುಚ್ಚಳ ತೆಗೆದಿಲ್ಲ,” ಎಂದಳು ರೇಡಿಯೊ, ತುಟಿ ಅಲ್ಲಾಡಿಸದೆ.

ಬೋರ್ಡಿನ ಹತ್ತಿರ ವಿಜ್ಞಾನದ ಮೇಷ್ಟ್ರು ಇಂಗ್ಲಿಷಿನಲ್ಲಿ ಒಂದು ಉದ್ದನೆಯ ವಾಕ್ಯವನ್ನು ಹೇಗೋ ದಡ ಸೇರಿಸಿದರು. ಆಮೇಲೆ ಮೇಜಿನ ಮೇಲಿದ್ದ ಸ್ಟೀಲ್ ಬಾಟಲಿಯ ಮುಚ್ಚಳ ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿ, ನೀರು ಕುಡಿಯತೊಡಗಿದರು.

ಈಗ ರೇಡಿಯೊ ಶುರುವಾಯಿತು. “ಒದ್ದೆ ಬಟ್ಟೆ ಹರವಿದ್ರೆ ಒಣಗುತ್ತಲ್ಲ, ಆ ನೀರು ಎಲ್ಲೂ ಕಳೆದುಹೋಗಿಲ್ವಂತೆ. ಆವಿಯಾಗಿ ಗಾಳೀಲಿ ಸೇರ್ಕೊಂಡಿದೆಯಂತೆ. ಅದಕ್ಕೇ ಇವ್ಯಾಪರೇಶನ್ ಅನ್ನೋದು.”

“ಓಹೋ!” ಎಂದವು ಸುತ್ತಲಿನ ಬೆಂಚುಗಳು. ಹಿಂದಿನವರು ಇನ್ನೂ ಹಿಂದಿನವರಿಗೆ ದಾಟಿಸಿದರು. ಕೊನೆಯ ಬೆಂಚಿನಲ್ಲೂ ಒಂದು “ಓಹೋ” ಕೇಳಿದ ಮೇಲೆ ಸರ್ ಮುಚ್ಚಳ ಹಾಕಿ ಈ ಕಡೆ ತಿರುಗಿದರು.

“ಅಂಡರ್‌ಸ್ಟುಡ್?”

“ಎಸ್ ಸರ್!”

ಆ ಶಾಲೆಯ ಗೋಡೆಗೋಡೆಗೂ ಇಂಗ್ಲಿಷಿನಲ್ಲೇ ಮಾತಾಡಿ ಎಂಬ ಬೋರ್ಡು ಇತ್ತು. ಹಾಗಾಗಿ ಬಾಟಲಿ ಸರ್‌ಗೆ ಕನ್ನಡ ಬರುವುದಿಲ್ಲ ಎಂದೇ ಲೆಕ್ಕ. ಒಮ್ಮೆ ಅವರ ಹೆಗಲ ಮೇಲೆ ಹಲ್ಲಿ ಬಿದ್ದಾಗ ಮಾತ್ರ “ಅಯ್ಯಯ್ಯಪ್ಪೋ!” ಎಂದು ಕೂಗಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಣ್ಣ ವಾಕ್ಯಕ್ಕೆ ಒಂದು ಗುಟುಕು, ದೊಡ್ಡದಕ್ಕೆ ನಾಲ್ಕು. ರಕ್ತ ಹರಿಯುವ ಪಾಠಕ್ಕೆ ಒಂದೂವರೆ ಬಾಟಲಿ ಬೇಕಾಗಿತ್ತು. ಈ ಏರ್ಪಾಡಿನ ಬಗ್ಗೆ ಸರ್ ರೇಡಿಯೊಗೆ ಏನೂ ಹೇಳಿರಲಿಲ್ಲ. ರೇಡಿಯೊ ಸರ್ ಹತ್ತಿರ ಏನೂ ಕೇಳಿರಲಿಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ಹೆಡ್ ಮಿಸ್ ಒಳಗೆ ಬಂದರು. ಮುಖ್ಯವಾದ ವಿಷಯವಾದ್ದರಿಂದ ಕನ್ನಡದಲ್ಲೇ ಹೇಳಿದರು.

“ನೋಡಿ ಮಕ್ಕಳೇ, ನಾಳೆ ಯೂನಿವರ್ಸಿಟಿಯಿಂದ ಒಬ್ಬರು ಮೇಡಂ ಬರ್ತಾರೆ. ನೀವು ಇಂಗ್ಲಿಷ್ ಹೇಗೆ ಕಲೀತೀರ ಅಂತ ಸ್ಟಡಿ ಮಾಡ್ತಾರೆ. ಒಂದು ಫಾರ್ಮ್ ಕೊಡ್ತಾರೆ. ಕನ್ನಡದ ಸಹಾಯ ಬೇಕಾ ಅಂತ ಕೇಳಿದ ಕಡೆಯೆಲ್ಲ ‘ನೆವರ್’ ಅಂತ ಟಿಕ್ ಹಾಕಿ. ಯಾರೂ ಕನ್ನಡದಲ್ಲಿ ಉಸಿರೂ ಬಿಡಬಾರದು. ತಿಳೀತಾ?”

ಇದಕ್ಕೆ ಯಾರೂ ನೀರು ಕುಡಿಯಬೇಕಾಗಲಿಲ್ಲ. ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯಿತು.

ಹೆಡ್ ಮಿಸ್ ರೇಡಿಯೊ ಕಡೆ ನೋಡಿದರು. “ಈ ಕ್ಲಾಸಲ್ಲಿ ಇಂಗ್ಲಿಷ್ ಚೆನ್ನಾಗಿ ಬರೋದು ನಿನಗೆ. ನಾಳೆ ಎಲ್ಲಾ ಸರಿಹೋದ್ರೆ ಇಂಗ್ಲಿಷ್ ಲೀಡರ್ ಬ್ಯಾಡ್ಜ್ ನಿನಗೇ. ನಿನ್ನ ಬಾಯಿಂದ ಒಂದೇ ಒಂದು ಕನ್ನಡ ಪದ ಬಂತೋ, ಬೇರೆಯವರಿಗೆ.”

ನೀಲಿ ಬಣ್ಣದ, ಚಿನ್ನದ ಅಕ್ಷರದ ಆ ಬ್ಯಾಡ್ಜನ್ನು ರೇಡಿಯೊ ಆಫೀಸಿನ ಗಾಜಿನ ಕಪಾಟಿನಲ್ಲಿ ಎರಡು ವರ್ಷದಿಂದ ನೋಡುತ್ತಿದ್ದಳು. ಆ ಸಂಜೆ ಮನೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಎದೆಗೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ಎರಡು ಸಲ ನಿಂತಳು.

ಮರುದಿನ ವಿಜ್ಞಾನದ ಪೀರಿಯಡ್ಡಿಗೇ ಮೇಡಂ ಬಂದರು. ಕೈಯಲ್ಲಿ ಕಟ್ಟುಕಟ್ಟು ಫಾರ್ಮು. ಒಂದೊಂದೂ ನಾಲ್ಕು ಪುಟ, ಪೂರ್ತಿ ಇಂಗ್ಲಿಷು. ಹಂಚಿದವರೇ ಬಾಗಿಲಲ್ಲಿ ನಿಂತು ಹೆಡ್ ಮಿಸ್ ಜೊತೆ ಮಾತಿಗೆ ತೊಡಗಿದರು.

ಮೂವತ್ತೆಂಟು ಪೆನ್ಸಿಲ್ಲುಗಳು ಕಾಗದದ ಮೇಲೆ ಗಾಳಿಯಲ್ಲಿ ನಿಂತವು.

“ರೇಡಿಯೊ,” ಎಂದ ಕಂಬ. “ನೆವರ್ ಹಾಕು ಅಂದ್ರು, ಸರಿ. ಎಲ್ಲಿ ಕೇಳಿದಾರೆ ಅಂತ ಗೊತ್ತಾಗಬೇಡ್ವಾ?”

ರೇಡಿಯೊ ಬಾಯಿ ಬಿಡಲಿಲ್ಲ. ಬಿಟ್ಟರೆ ಬ್ಯಾಡ್ಜ್ ಹೋಯಿತು.

ಸರ್ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದರು. ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಕುಡಿದರು. ಆಗಲೂ ಇಲ್ಲ. ಮೂರನೆಯ ಸಲ ಕುಡಿಯುವಾಗ ಕೆಮ್ಮು ಬಂತು.

ಪಕ್ಕದಲ್ಲಿ ಕೂತಿದ್ದ ಗುಬ್ಬಿ ಕಣ್ಣು ಮುಚ್ಚಿ, ‘ಆಲ್ವೇಸ್’ ಎಂಬಲ್ಲಿ ಪೆನ್ಸಿಲ್ ಇಟ್ಟಳು.

“ಅಯ್ಯೋ, ಅಲ್ಲಲ್ವೇ!” ರೇಡಿಯೊ ತಡೆಯಲಾರದೆ ಹೇಳಿಬಿಟ್ಟಳು. ಬಾಗಿಲ ಕಡೆ ನೋಡಿದಳು. ಇಬ್ಬರೂ ಮಾತಿನಲ್ಲಿ ಮುಳುಗಿದ್ದರು. “ಏಳನೇ ಪ್ರಶ್ನೆ. ಪಾಠ ಅರ್ಥ ಆಗೋಕೆ ಯಾರಾದ್ರೂ ಕನ್ನಡದಲ್ಲಿ ಹೇಳಿಕೊಡಬೇಕಾ? ನೆವರ್ ಹಾಕಿ.”

ಮೂವತ್ತೆಂಟು ಪೆನ್ಸಿಲ್ಲುಗಳು ಸರಕ್ಕನೆ ಕೆಳಗಿಳಿದವು.

“ಎಂಟು. ಕ್ಲಾಸಲ್ಲಿ ಯಾರಾದ್ರೂ ಪಿಸಪಿಸ ಅಂತ ಅನುವಾದ ಮಾಡ್ತಾರಾ? ನೆವರ್. ಒಂಬತ್ತು. ಈ ಫಾರ್ಮಿನ ಪ್ರಶ್ನೆಗಳೆಲ್ಲ ನಿಮಗೆ ನೀವೇ ಅರ್ಥ ಆದ್ವಾ?”

“ನೆವರ್!” ಎಂದ ಕಂಬ, ಹುರುಪಿನಲ್ಲಿ.

“ಲೋ, ಇದಕ್ಕೆ ಆಲ್ವೇಸ್ ಹಾಕೋ!”

ಸರ್ ಬಾಟಲಿಯನ್ನು ತಲೆಕೆಳಗು ಮಾಡಿ ಕೊನೆಯ ಹನಿಯವರೆಗೂ ಕುಡಿದರು.

ಫಾರ್ಮುಗಳನ್ನು ಆಫೀಸಿಗೆ ಹೊತ್ತು ತಂದವಳು ರೇಡಿಯೊನೇ. ಅಲ್ಲಿ ಮೇಡಂ ಫೋನಿನಲ್ಲಿದ್ದರು. “ಹೋಂವರ್ಕ್ ಅರ್ಥ ಆಗ್ಲಿಲ್ವಾ ಚಿನ್ನಾ? ಮೊದಲ್ನೇ ಪ್ರಶ್ನೆ ಓದು. ಅಮ್ಮ ಕನ್ನಡದಲ್ಲಿ ಹೇಳ್ತೀನಿ, ಅಳಬೇಡ.”

ರೇಡಿಯೊಳನ್ನು ಕಂಡದ್ದೇ ಫೋನಿಗೆ ಕೈ ಅಡ್ಡ ಹಿಡಿದು, “ಥ್ಯಾಂಕ್ಯೂ, ಡಿಯರ್,” ಎಂದರು.

ಎರಡು ವಾರದ ಮೇಲೆ ರಿಪೋರ್ಟ್ ಬಂತು. ಹೆಡ್ ಮಿಸ್ ಅಸೆಂಬ್ಲಿಯಲ್ಲಿ ಎದೆಯುಬ್ಬಿಸಿ ಓದಿದರು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೆಂಟೂ ಮಕ್ಕಳಿಗೆ ಅನುವಾದದ ಅಗತ್ಯವೇ ಇಲ್ಲ! ಚಪ್ಪಾಳೆ. ಒಂದೇ ಒಂದು ಕೊರತೆ ಎಂದರೆ, ವಿಜ್ಞಾನದ ಶಿಕ್ಷಕರು ಪದೇ ಪದೇ ನೀರು ಕುಡಿದು ಒಂದು ಪೀರಿಯಡ್ಡಿನಲ್ಲೇ ಒಂಬತ್ತು ನಿಮಿಷ ಹಾಳುಮಾಡಿದ್ದಾರೆ.

ಅವತ್ತು ರೇಡಿಯೊಳ ಎದೆಗೆ ಬ್ಯಾಡ್ಜ್ ಬಂತು. ಸರ್ ಮೇಜಿನ ಮೇಲಿಂದ ಬಾಟಲಿ ಹೋಯಿತು.

ಪಾಠ ಈಗ ನಿಲ್ಲದ ರೈಲಿನ ಹಾಗೆ ಓಡತೊಡಗಿತು. ರೇಡಿಯೊ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಾಕ್ಯ ಬಂದಿರುತ್ತಿತ್ತು. ಬ್ಯಾಡ್ಜ್ ಬೇರೆ ಎದೆಯ ಮೇಲೆ ಕೂತು ಅವಳನ್ನೇ ನೋಡುತ್ತಿತ್ತು. “ಅಂಡರ್‌ಸ್ಟುಡ್?” ಎಂದರೆ “ಎಸ್ ಸರ್!” ಮಾತ್ರ ಮೊದಲಿಗಿಂತ ಜೋರಾಗಿತ್ತು.

ಟೆಸ್ಟ್ ಪೇಪರ್ ಕೊಟ್ಟ ದಿನ ಗುಬ್ಬಿ ಪುಟವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ರೇಡಿಯೊ ಬೆರಳ ಸಂದಿಯಿಂದ ನೋಡಿದಳು. ಗುಬ್ಬಿ ಒಂದೂ ಪ್ರಶ್ನೆ ಬಿಟ್ಟಿರಲಿಲ್ಲ. ಪ್ರತಿಯೊಂದಕ್ಕೂ ಉತ್ತರದ ಜಾಗದಲ್ಲಿ ಅದೇ ಪ್ರಶ್ನೆಯನ್ನು ದುಂಡಗೆ ಮತ್ತೆ ಬರೆದಿದ್ದಳು. ಮೇಲೆ ಕೆಂಪು ಶಾಯಿಯಲ್ಲಿ ಸೊನ್ನೆ. ಅದರ ಕೆಳಗೆ, “ಗುಡ್ ಹ್ಯಾಂಡ್‌ರೈಟಿಂಗ್.”

“ನೀನು ಬ್ಯಾಡ್ಜಿಗೆ ಮುಂಚೆ ಚೆನ್ನಾಗಿದ್ದೆ ಕಣೇ,” ಎಂದಳು ಗುಬ್ಬಿ. ಅವಳ ದನಿಯಲ್ಲಿ ಜಗಳವಿರಲಿಲ್ಲ.

ರೇಡಿಯೊಳ ಅಮ್ಮ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಸಂಜೆ ಬಂದವಳೇ ಚಪ್ಪಲಿ ಬಿಡುತ್ತಾ ನಗತೊಡಗಿದಳು.

“ನಿನ್ನೆ ನಾನು ರಜ ಹಾಕಿದ್ನಲ್ಲ, ಒಬ್ಬ ಅಜ್ಜ ಮಂಡಿಗೆ ಹಚ್ಚೋ ಔಷಧೀನ ಗಟಗಟ ಕುಡಿದುಬಿಟ್ಟಿದಾನೆ ಕಣೇ!”

“ಅಯ್ಯೋ! ಡಾಕ್ಟರ್ ಹೇಳಿರಲಿಲ್ವಾ?”

“ಹೇಳಿದ್ರಂತೆ. ಎರಡೆರಡು ಸಲ, ಒಳ್ಳೇ ಇಂಗ್ಲಿಷಲ್ಲಿ. ಅರ್ಥ ಆಯ್ತಾ ಅಂತಾನೂ ಕೇಳಿದ್ರಂತೆ.”

“ಅಜ್ಜ ಏನಂದ?”

“ಏನಂತಾನೆ? ಎಸ್ ಡಾಕ್ಟರ್ ಅಂದ. ದಿನಾ ಎಲ್ಲರೂ ಹಾಗೇ ಅಂದು ಹೊರಗೆ ನನ್ನ ಹತ್ರ ಬಂದು ಕೇಳ್ತಾರೆ. ನಿನ್ನೆ ನಾನಿರಲಿಲ್ಲ, ಅಷ್ಟೇ.” ಅಮ್ಮ ಕಾಲು ತೊಳೆಯಲು ಹೋದವಳು ಅಲ್ಲಿಂದಲೇ ಕೂಗಿದಳು, “ಅಜ್ಜ ಹುಷಾರಾಗಿದಾನೆ! ಎರಡು ದಿನ ಬಾಯಿ ರುಚಿ ಇರಲ್ಲ, ಅಷ್ಟೇ!”

ರೇಡಿಯೊ ನಗಲಿಲ್ಲ. ಅವಳಿಗೆ ಗುಬ್ಬಿಯ ದುಂಡನೆಯ ಅಕ್ಷರಗಳು ಕಾಣುತ್ತಿದ್ದವು.

ಮರುದಿನ ವಿಜ್ಞಾನದ ಪೀರಿಯಡ್ಡು ಊಟದ ಬಿಡುವಿನ ನಂತರ ಇತ್ತು. ಸರ್ ಗಾಳಿಯ ಒತ್ತಡದ ಮೇಲೆ ಒಂದು ಭಾರೀ ವಾಕ್ಯ ಮುಗಿಸಿದರು. ಅವರ ಕೈ ತನ್ನಷ್ಟಕ್ಕೆ ಮೇಜಿನ ಮೂಲೆಗೆ ಹೋಯಿತು, ಅಲ್ಲಿ ಏನೂ ಸಿಗದೆ ವಾಪಸು ಬಂತು.

“ಅಂಡರ್‌ಸ್ಟುಡ್?”

“ಎಸ್ ಸರ್!” ಎಲ್ಲರಿಗಿಂತ ಜೋರಾಗಿ ಕೂಗಿದವಳು ಗುಬ್ಬಿ.

ರೇಡಿಯೊ ಬ್ಯಾಡ್ಜ್ ಬಿಚ್ಚಿ ಕಂಪಾಸ್ ಬಾಕ್ಸಿನೊಳಗೆ ಹಾಕಿದಳು. ಮುಚ್ಚಳ ಟಪ್ ಎಂದಿತು. ತನ್ನ ಹಸಿರು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಹೋಗಿ ಮೇಜಿನ ಮೂಲೆಯಲ್ಲಿ ಇಟ್ಟಳು.

“ನೀರು, ಸರ್.”

ಸರ್ ಬಾಟಲಿಯನ್ನು ನೋಡಿದರು. ಗೋಡೆಯ ಬೋರ್ಡು ನೋಡಿದರು. ಬಾಗಿಲು ನೋಡಿದರು. ಆಮೇಲೆ ನಿಧಾನವಾಗಿ ಮುಚ್ಚಳ ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿದರು.

ಬೆಂಚಿಗೆ ಬಂದು ಕೂತ ಮೇಲೆ ರೇಡಿಯೊಗೆ ನೆನಪಾಯಿತು. ಊಟದ ಹೊತ್ತಿಗೇ ಆ ಬಾಟಲಿಯ ನೀರನ್ನೆಲ್ಲ ಅವಳು ಕುಡಿದು ಮುಗಿಸಿದ್ದಳು.

ಸರ್ ತಲೆ ಹಿಂದಕ್ಕೆ ಚೆಲ್ಲಿ ಕುಡಿಯುತ್ತಿದ್ದರು. ಒಂದು ಗುಟುಕು, ಎರಡು ಗುಟುಕು, ಮೂರು. ಖಾಲಿ ಬಾಟಲಿಯಿಂದ ತುಂಬಾ ಹೊತ್ತು ಕುಡಿದರು.

ರೇಡಿಯೊ ಗುಬ್ಬಿಯ ಕಡೆ ವಾಲಿದಳು.